ಕಟ್ಟಿಗೆ ಮಹಡಿಗೆ ನೀರು ಕಟ್ಟಿದ್ದು

ವಾಡಿ ಜಂಕ್ಷನ್

ನಾನು ಆಸ್ಟ್ರಿಯಾಕ್ಕೆ ಹೋಗಿ ಬಂದವನು ಎಂಬುದು ವಾಡಿಯಲ್ಲಿ ಎಲ್ಲರಿಗೂ ಗೊತ್ತು, ನಾನೇ ಹೇಳಿದ್ದೇನೆ. ಅರ್ಧ ಊರು ಅದನ್ನು ಆಸ್ಟ್ರೇಲಿಯಾ ಎಂದು ತಿಳಿದುಕೊಂಡಿದೆ. ಅದು ಇನ್ನೂ ದೂರದ ದೇಶವಾದ್ದರಿಂದ ನಾನು ತಿದ್ದಲು ಹೋಗಿಲ್ಲ. ಯಾಕೆ ಹೋಗಿದ್ದಿರಿ ಎಂದು ಯಾರಾದರೂ ಕೇಳಿದರೆ ಮಾತ್ರ ನನಗೆ ಕೆಮ್ಮು ಬರುತ್ತದೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಸಿಮೆಂಟ್ ಕಾರ್ಖಾನೆಯ ಸಿವಿಲ್ ವಿಭಾಗದಿಂದ ಸ್ವಯಂ ನಿವೃತ್ತಿ ಪಡೆದು, ಕ್ವಾರ್ಟರ್ಸ್ ಖಾಲಿ ಮಾಡಿ, ಸ್ಟೇಷನ್ ಹತ್ತಿರದ ಬಾಡಿಗೆ ಮನೆಯಲ್ಲಿ ಕುಳಿತು ಇಂಗ್ಲಿಷ್ ಪೇಪರ್ ಓದುತ್ತಿದ್ದೆ. ನಾನು ಜೂನಿಯರ್ ಇಂಜಿನಿಯರ್ ಎಂದು ಸೇರಿ ಜೂನಿಯರ್ ಇಂಜಿನಿಯರ್ ಎಂದೇ ಹೊರಬಿದ್ದವನು. ಇಪ್ಪತ್ತೆರಡು ವರ್ಷ ನನಗೆ ಒಪ್ಪಿಸಿದ್ದ ಮುಖ್ಯ ಕೆಲಸ ಕ್ಯೂರಿಂಗ್. ಹೊಸ ಕಾಂಕ್ರೀಟಿಗೆ, ಪ್ಲಾಸ್ಟರಿಗೆ, ಮಹಡಿಗೆ ದಿನಾ ನೀರು ಹೊಡೆಸುವುದು. ಸಿಮೆಂಟು ಗಟ್ಟಿಯಾಗಬೇಕಾದರೆ ಹಸಿಯಾಗಿರಬೇಕು. ನಮ್ಮ ಬಿಸಿಲಿಗೆ ಒಂದು ದಿನ ಮರೆತರೆ ಬಿರುಕು ಬಿಡುತ್ತದೆ. ನಾನು ಒಂದು ದಿನವೂ ಮರೆಯಲಿಲ್ಲ. ಸಹೋದ್ಯೋಗಿಗಳು ನನ್ನನ್ನು ಮಾಲಿ ಎಂದು ಕರೆಯುತ್ತಿದ್ದರು.

ಹೀಗಿರುವಾಗ ಶಹಾಬಾದದಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ದು ಪಾಲಿಶ್ ಮಾಡಿಸುವ ನನ್ನ ಗೆಳೆಯರೊಬ್ಬರಿಗೆ ಒಂದು ಕಾಗದ ಬಂತು. ಬರೆದವಳು ಗುಡ್ರುನ್ ಎಂಬ ಆರ್ಕಿಟೆಕ್ಟ್. ಆಸ್ಟ್ರಿಯಾದ ಬೆಟ್ಟದ ಊರೊಂದರಲ್ಲಿ ಅವಳದೊಂದು ಆಫೀಸು, ಅದು ಕಟ್ಟಿಗೆಯ ಕಟ್ಟಡಗಳನ್ನು ಮಾತ್ರ ಕಟ್ಟುವ ಆಫೀಸು. ಹಿಂದೆ ಗುಲಬರ್ಗಾದ ಕೋಟೆ ನೋಡಲು ಬಂದಿದ್ದವಳು ಶಹಾಬಾದದ ಒಂದು ಶಾಲೆಯಲ್ಲಿ ಮಲ್ಕಪ್ಪ ಎಂಬ ಗೌಂಡಿ ಫರಸಿ ಹಾಸುವುದನ್ನು ಅರ್ಧ ದಿನ ನಿಂತು ನೋಡಿದ್ದಳಂತೆ. ಈಗ ಅವಳು ಒಂದು ಲೈಬ್ರರಿ ಕಟ್ಟುತ್ತಿದ್ದಳು. ಗೋಡೆ ಕಟ್ಟಿಗೆ, ಮಾಳಿಗೆ ಕಟ್ಟಿಗೆ, ನೆಲ ಮಾತ್ರ ನಮ್ಮ ಫರಸಿ. ಮೊದಲು ಒಂದು ಕೋಣೆ ಹಾಸಿ ತೋರಿಸಬೇಕು. ಊರಿನ ಸಮಿತಿ ಒಪ್ಪಿದರೆ ಇಡೀ ಲೈಬ್ರರಿಯ ನೆಲ ಮಲ್ಕಪ್ಪನದು, ಅವನ ಮೂವರು ತಮ್ಮಂದಿರನ್ನೂ ಕರೆಸುತ್ತಾರೆ.

ಮಲ್ಕಪ್ಪ ತೆಂಗಳಿಯವನು, ನಲವತ್ತು ದಾಟಿದವನು, ಕಡಿಮೆ ಮಾತಿನವನು. ಆ ವರ್ಷಗಳಲ್ಲಿ ಸೇಡಂ, ಚಿತ್ತಾಪುರದವರೂ ಮನೆಗೆ ಹೊಳೆಯುವ ಟೈಲ್ಸ್ ಹಾಕಿಸಲು ಶುರು ಮಾಡಿದ್ದರು. ಫರಸಿ ಹಾಸುವ ಕೈಗೆ ತಿಂಗಳಲ್ಲಿ ಹತ್ತು ದಿನ ಕೆಲಸ ಸಿಕ್ಕರೆ ಪುಣ್ಯ. ಅವನ ತಮ್ಮಂದಿರಲ್ಲಿ ಇಬ್ಬರು ಆಗಲೇ ಕರಣಿ ಮೂಲೆಗಿಟ್ಟು ವಾಡಿ ಸ್ಟೇಷನ್ನಿನಲ್ಲಿ ಮೂಟೆ ಹೊರುತ್ತಿದ್ದರು. ಹಾಗಾಗಿ ಈ ಒಂದು ಕೋಣೆ ಅವನಿಗೆ ಬರೀ ಕೋಣೆಯಾಗಿರಲಿಲ್ಲ. ಅವನಿಗೆ ಇಂಗ್ಲಿಷ್ ಬರುವುದಿಲ್ಲವಾದ್ದರಿಂದ ದುಭಾಷಿಯಾಗಿ ನಾನು. ನೆಂಟರಿಗೆ ನಾನು ಹೇಳಿದ್ದು, ಕನ್ಸಲ್ಟೆಂಟ್ ಆಗಿ ಹೋಗುತ್ತಿದ್ದೇನೆ, ಜೊತೆಗೆ ಒಬ್ಬ ಗೌಂಡಿಯನ್ನು ಕರೆದುಕೊಂಡು.

ವಿಮಾನ ಇಳಿದ ಮೇಲೆ

ಅಲ್ಲಿನ ನಿಲ್ದಾಣದಲ್ಲಿ ಬೋರ್ಡು ಹಿಡಿದು ನಿಂತಿದ್ದವನು ಯೋಸೆಫ್, ಗುಡ್ರುನ್‌ಳ ಹಿರಿಯ ಬಡಗಿ. ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ‘ಮಾಸ್ಟರ್ ಮಲ್ಕಪ್ಪ’ ಎಂದಿತ್ತು. ಕೆಳಗೆ ಸಣ್ಣದಾಗಿ ‘ಮತ್ತು ಇನ್ನೊಬ್ಬರು’. ನನ್ನ ಸೂಟಿನ ದೆಸೆಯಿಂದ ಯೋಸೆಫ್ ಮೊದಲು ನನ್ನ ಕೈ ಹಿಡಿದು ಅಂಗೈ ಮುಟ್ಟಿ ನೋಡಿದ. ಮೆತ್ತಗಿತ್ತು. ಬಿಟ್ಟು ಮಲ್ಕಪ್ಪನ ಕೈ ಹಿಡಿದ, ಬಿಡಲೇ ಇಲ್ಲ.

“ಏನಂತ ಬರದಾರ್ರೀ ಅದರ ಮ್ಯಾಲ?” ಎಂದು ಮಲ್ಕಪ್ಪ ಕೇಳಿದ.

“ಇಬ್ಬರಿಗೂ ಸ್ವಾಗತ ಅಂತ ಬರದಾರ,” ಎಂದೆ. ನನ್ನ ಅನುವಾದದ ಕೆಲಸ ಶುರುವಾದದ್ದು ಹೀಗೆ.

ಆ ಊರಲ್ಲಿ ದಾರಿಯಲ್ಲಿ ಎದುರಾದವರೆಲ್ಲ, ಗುರುತಿಲ್ಲದವರೂ, ತಲೆಬಾಗಿಸಿ ಏನೋ ಒಂದು ನಮಸ್ಕಾರ ಹೇಳುತ್ತಾರೆ. ನಾನು ಪುಸ್ತಕ ತೆಗೆದು ಅದಕ್ಕೆ ಜರ್ಮನ್ ಉತ್ತರ ಹುಡುಕುವಷ್ಟರಲ್ಲಿ ಅವರು ದಾಟಿ ಹೋಗಿರುತ್ತಿದ್ದರು. ಮಲ್ಕಪ್ಪ ಎದೆಯ ಮೇಲೆ ಕೈ ಇಟ್ಟು “ಶರಣ್ರೀ” ಅನ್ನುತ್ತಿದ್ದ. ಮೂರನೇ ದಿನಕ್ಕೆ ಬ್ರೆಡ್ ಅಂಗಡಿಯ ಹೆಂಗಸು ಅವನಿಗೆ ತಿರುಗಿ “ಶರನ್ರಿ” ಎಂದಳು. ನನಗೆ ಹೊಟ್ಟೆ ಉರಿಯಿತು.

ಮನೆಯೊಳಗೆ ಕಾಲಿಡುವ ಮೊದಲು ಬೂಟು ಬಿಚ್ಚುತ್ತಾರೆ. ಇದು ನಮಗೆ ಹಿಡಿಸಿತು. ಆದರೆ ಒಳಗಿನ ನೆಲವೂ ಕಟ್ಟಿಗೆ, ಗೋಡೆಯೂ ಕಟ್ಟಿಗೆ, ಮೇಲೆ ನೋಡಿದರೂ ಕಟ್ಟಿಗೆ. ಶಹಾಬಾದ ಸೀಮೆಯಲ್ಲಿ ಹುಟ್ಟಿದವರಿಗೆ ಇದು ಸುಲಭವಲ್ಲ. ನಾವು ಕಲ್ಲಿನ ಮೇಲೆ ಹುಟ್ಟಿ, ಕಲ್ಲಿನ ಕೆಳಗೆ ಮಲಗಿ, ಕಲ್ಲು ನೆಟ್ಟು ಬೇಲಿ ಮಾಡಿ, ಕಲ್ಲಿನ ಮೇಲೆ ಬಟ್ಟೆ ಒಗೆದವರು. ಕಟ್ಟಿಗೆ ನಮಗೆ ಒಲೆಗೆ ಬೇಕು, ಬಾಗಿಲ ಚೌಕಟ್ಟಿಗೆ ಬೇಕು, ಕೊನೆಗೊಂದು ಸಲ ನಮಗೇ ಬೇಕು. ಮೊದಲ ರಾತ್ರಿ ನಾನು ಮಲಗುವ ಕೋಣೆಯ ಗೋಡೆಯನ್ನು ಬೆರಳಿಂದ ತಟ್ಟುತ್ತಲೇ ಇದ್ದೆ. ಪಕ್ಕದ ಕೋಣೆಯವರು ಯಾರೋ ಬಾಗಿಲು ತಟ್ಟುತ್ತಿದ್ದಾರೆಂದು ಎದ್ದು ಬಂದರು.

ಅಂಟಿನ ಕಾರ್ಖಾನೆ

ಕೆಲಸ ಶುರುವಾಗುವ ಮೊದಲು ಗೋಡೆ ತಯಾರಾಗುವ ಕಾರ್ಖಾನೆಗೆ ನಮ್ಮನ್ನು ಕರೆದುಕೊಂಡು ಹೋದರು. ಹಲಗೆಯ ಮೇಲೆ ಹಲಗೆ ಅಡ್ಡ ಒಂದು, ಉದ್ದ ಒಂದು ಇಟ್ಟು, ನಡುವೆ ಅಂಟು ಬಳಿದು, ದೊಡ್ಡ ಪ್ರೆಸ್ಸಿನಲ್ಲಿ ಒತ್ತುತ್ತಾರೆ. ಹಾಗೆ ಒಂದು ಮನೆಯ ಇಡೀ ಪಕ್ಕ ಒಂದೇ ತುಂಡಾಗಿ ಹೊರಬರುತ್ತದೆ. ಕಿಟಕಿ, ಬಾಗಿಲುಗಳನ್ನು ಮಶೀನು ಕೊರೆಯುತ್ತದೆ. ಆಮೇಲೆ ಲಾರಿಯಲ್ಲಿ ತಂದು ಕ್ರೇನಿನಿಂದ ಎತ್ತಿ ನಿಲ್ಲಿಸಿದರೆ ನಾಲ್ಕು ದಿನದಲ್ಲಿ ಕಟ್ಟಡ. ಅಷ್ಟು ದಿನದಲ್ಲಿ ನಮ್ಮಲ್ಲಿ ಮರಳಿನ ಲಾರಿ ಯಾವಾಗ ಬರುತ್ತದೆ ಎಂಬುದೂ ಗೊತ್ತಾಗುವುದಿಲ್ಲ.

ಇಂಜಿನಿಯರ್ ಅಲ್ಲವೇ, ನಾನು ಪ್ರಶ್ನೆ ಕೇಳಲೇಬೇಕಿತ್ತು. ಬಿಳಿ ಇರುವೆ ಬಂದರೆ ಏನು ಮಾಡುತ್ತೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಗೆದ್ದಲಿಗೆ ಪೇಪರಿನಲ್ಲಿ ಹಾಗೇ ಬರೆದಿರುತ್ತಾರೆ. ಯೋಸೆಫ್ ಯೋಚಿಸಿ, ನಮ್ಮಲ್ಲಿ ಇರುವೆಗಳು ಕಪ್ಪಗಿರುತ್ತವೆ ಎಂದು ಗುಡ್ರುನ್‌ಳಿಂದ ಹೇಳಿಸಿದ. ಬೆಂಕಿ ಬಿದ್ದರೆ ಎಂದೆ. ಹೊರಗಿನ ಪದರ ಸುಟ್ಟು ಕರಕಾಗುತ್ತದೆ, ಆ ಕರಕೇ ಒಳಗಿನದನ್ನು ಬಹಳ ಹೊತ್ತು ಕಾಯುತ್ತದೆ ಎಂದು ಗುಡ್ರುನ್ ವಿವರಿಸಿದಳು. ಇಷ್ಟುದ್ದ ಯಾಕೆಂದು ನಾನು ಮಲ್ಕಪ್ಪನಿಗೆ “ಸುಡೂದಿಲ್ಲಂತ” ಎಂದೆ.

“ಕಟ್ಟಿಗಿ ಸುಡೂದಿಲ್ಲಂದ್ರ ಇವರ ರೊಟ್ಟಿ ಹ್ಯಾಂಗ ಬೇಯ್ತಾವ್ರೀ?” ಎಂದ ಮಲ್ಕಪ್ಪ.

ಒಂದು ಕಡೆ ಅಂಟು ಹಾಕಿದ ಗೋಡೆಗಳನ್ನು ಸಾಲಾಗಿ ಇಟ್ಟಿದ್ದರು. ಇವು ಕ್ಯೂರ್ ಆಗುತ್ತಿವೆ ಎಂದು ಗುಡ್ರುನ್ ತೋರಿಸಿದಳು. ಅಷ್ಟು ದಿನದಲ್ಲಿ ನನಗೆ ಪೂರ್ತಿ ತಿಳಿದ ಮೊದಲ ಮಾತು ಅದು. ಕ್ಯೂರಿಂಗ್! ನನ್ನ ವಿಷಯ! ನೀರಿನ ಪೈಪು ಎಲ್ಲಿದೆ ಎಂದು ಕಣ್ಣಾಡಿಸಿದೆ, ಕಾಣಲಿಲ್ಲ. ಸಂಜೆ ಹೊಡೆಯುತ್ತಾರೇನೋ ಎಂದುಕೊಂಡೆ.

ಶುಕ್ರವಾರ

ಮಾದರಿ ಕೋಣೆ ಲೈಬ್ರರಿಯ ಮೊದಲ ಮಹಡಿಯಲ್ಲಿತ್ತು. ಕಟ್ಟಿಗೆ ನೆಲದ ಮೇಲೆ ಅವರು ಪ್ಲಾಸ್ಟಿಕ್ ಹಾಳೆ ಹಾಸಿಕೊಟ್ಟಿದ್ದರು. ಅದರ ಮೇಲೆ ತೆಳ್ಳಗೆ ಸಿಮೆಂಟು ಮಾಲು ಹರಡಿ, ಶಹಾಬಾದದಿಂದ ಹಡಗಿನಲ್ಲಿ ಬಂದಿದ್ದ ಫರಸಿಗಳನ್ನು ಮಲ್ಕಪ್ಪ ನಾಲ್ಕು ದಿನ ಹಾಸಿದ. ಪ್ರತಿ ಕಲ್ಲನ್ನೂ ಸುತ್ತಿಗೆಯ ಹಿಡಿಯಿಂದ ತಟ್ಟಿ ಕಿವಿಗೊಡುತ್ತಿದ್ದ. ಟಣ್ ಎಂದರೆ ಇಡುತ್ತಿದ್ದ, ಇಲ್ಲದಿದ್ದರೆ ಬದಿಗೆ ಸರಿಸುತ್ತಿದ್ದ. ಯೋಸೆಫ್ ತನ್ನ ಕೆಲಸ ಬಿಟ್ಟು ಪಕ್ಕದಲ್ಲಿ ಕೂತಿರುತ್ತಿದ್ದ. ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು, ಒಬ್ಬ ಜರ್ಮನ್, ಒಬ್ಬ ತೆಂಗಳಿ ಕನ್ನಡ. ನಡುವೆ ನಾನು ಬೇಕಾಗಲೇ ಇಲ್ಲ. ರಸಮಟ್ಟ ಇಟ್ಟು ನೋಡಿದಾಗ ಗುಳ್ಳೆ ನಟ್ಟನಡುವೆ ನಿಂತಿತು. ಬೆಳಕು ಬಿದ್ದರೆ ನೀಲಿ ಬೂದಿ ಬಣ್ಣದ ಕೆರೆಯ ಹಾಗೆ ಕಾಣುತ್ತಿತ್ತು ಆ ನೆಲ. ನನಗೆ ನಿಜಕ್ಕೂ ಹೆಮ್ಮೆಯಾಯಿತು.

ಶುಕ್ರವಾರ ಮಧ್ಯಾಹ್ನ ಗುಡ್ರುನ್ ಬಂದು ಬಾಗಿಲಲ್ಲಿ ಬಗ್ಗಿ ನೆಲವನ್ನು ಉದ್ದಕ್ಕೂ ನೋಡಿದಳು. “ತುಂಬ ಚೆನ್ನಾಗಿದೆ. ಇನ್ನು ಇದು ಕ್ಯೂರ್ ಆಗಬೇಕು. ಸೋಮವಾರ ಸಮಿತಿಯವರು ಬರುತ್ತಾರೆ, ಅಲ್ಲಿಯವರೆಗೆ ಕ್ಯೂರ್ ಆಗಲಿ,” ಎಂದು ಇಂಗ್ಲಿಷಿನಲ್ಲಿ ಹೇಳಿ, ಸಾಮಾನು ತೆಗೆದುಕೊಳ್ಳಲು ಬೇಕಾದೀತೆಂದು ಕೀಲಿಕೈ ನನಗೆ ಕೊಟ್ಟು ಹೋದಳು.

“ಏನಂದ್ರು ಅಕ್ಕಾರು?” ಎಂದ ಮಲ್ಕಪ್ಪ.

“ಕ್ಯೂರಿಂಗ್ ಮಾಡ್ರಿ ಅಂದ್ರು.”

“ನೀರ?”

“ನೀರಲ್ದ ಮತ್ತ ಹಾಲ ಹಾಕ್ತಾರೇನು?”

ಮಲ್ಕಪ್ಪ ಟವೆಲಿನಿಂದ ಕೈ ಒರೆಸಿಕೊಂಡ. “ಸಾಹೇಬ್ರ, ತೆಳಗ ಕಟ್ಟಿಗಿ ಅದರಿ. ಒಂದ್ ಹಸಿ ಅರಿವಿ ಹಾಸಿದ್ರ ಸಾಕಾಗ್ತದ. ಕಟ್ಟಿಗಿಗೂ ನೀರಿಗೂ ಕೂಡೂದಿಲ್ರಿ. ಇನ್ನೊಂದ್ ಸರ್ತಿ ಕೇಳ್ರಿ ಅಕ್ಕಾರ್ನ.”

“ಇಂಗ್ಲಿಷ್ ನನಗ ಬರ್ತದೋ ನಿನಗ ಬರ್ತದೋ?”

“ನಿಮಗಾ ಬರ್ತದರಿ. ಆದ್ರ ನೀರ ನಾ ಹಾಕೂದಿಲ್ರಿ,” ಎಂದು ಹೇಳಿ ಅವನು ಮೆಟ್ಟಿಲ ಮೇಲೆ ಹೋಗಿ ಕುಳಿತ.

ಒಬ್ಬ ಗೌಂಡಿ ನನಗೆ ಆಗುವುದಿಲ್ಲ ಎಂದದ್ದು ಅದೇ ಮೊದಲು. ಸಿಟ್ಟು ನೆತ್ತಿಗೇರಿತು. ಕೋಟು ಬಿಚ್ಚಿ, ಕೋಣೆಯ ಅಂಚಿಗೆ ಸಿಮೆಂಟಿನ ಸಣ್ಣ ಕಟ್ಟೆ ಕಟ್ಟಿ, ಬಕೆಟ್ಟಿನಲ್ಲಿ ನಾನೇ ನೀರು ಹೊತ್ತೆ. ಹದಿನಾಲ್ಕು ಬಕೆಟ್ಟು. ಎರಡು ಬೆರಳು ನೀರು ನಿಂತಿತು. ಇಪ್ಪತ್ತೆರಡು ವರ್ಷದ ಅನುಭವದಿಂದ ಹೇಳುತ್ತೇನೆ, ಅದಕ್ಕಿಂತ ಅಚ್ಚುಕಟ್ಟಾಗಿ ನಾನು ಎಲ್ಲಿಯೂ ನೀರು ಕಟ್ಟಿರಲಿಲ್ಲ.

ರವಿವಾರ

ರವಿವಾರ ಆ ಊರಲ್ಲಿ ಯಾರೂ ಕೆಲಸ ಮಾಡುವುದಿಲ್ಲ. ಹುಲ್ಲು ಕತ್ತರಿಸುವ ಮಶೀನಿನ ಸದ್ದೂ ಮಾಡಬಾರದಂತೆ. ಇದು ನನಗೆ ಆಮೇಲೆ ತಿಳಿದದ್ದು. ನಾನು ಬೆಳಗಾಗುತ್ತಲೇ ಬಕೆಟ್ಟು ಹಿಡಿದು ಹೊರಗಿನ ಮೆಟ್ಟಿಲು ಹತ್ತಿ ನೇರ ಮಹಡಿಗೆ ಹೋದೆ. ಎರಡು ಬೆರಳು ನೀರು ಒಂದು ಬೆರಳಾಗಿತ್ತು. ಕಲ್ಲು ಚೆನ್ನಾಗಿ ಕುಡಿದಿದೆ ಎಂದು ಖುಷಿಪಟ್ಟು ಇನ್ನೂ ಏಳು ಬಕೆಟ್ಟು ಸುರಿದೆ. ಎದುರು ಮನೆಯ ಕಿಟಕಿಯಿಂದ ಒಬ್ಬ ಮುದುಕಿ ನನ್ನತ್ತ ಬೆರಳು ಆಡಿಸುತ್ತಿದ್ದಳು. ರಜೆಯ ದಿನವೂ ದುಡಿಯುತ್ತಿದ್ದೀಯಲ್ಲ, ಭಲೇ ಎನ್ನುತ್ತಿದ್ದಾಳೆಂದು ತಿಳಿದು ನಾನೂ ಕೈ ಬೀಸಿದೆ. ಅವಳು ಕಿಟಕಿ ಧಡಾರನೆ ಮುಚ್ಚಿದಳು.

ಸೋಮವಾರ

ಸಮಿತಿಯವರು ಇಬ್ಬರು ಬಂದಿದ್ದರು. ಒಬ್ಬರು ಬೋಳುತಲೆಯವರು. ಕೆಳಗಿನ ಹಾಲಿನಲ್ಲಿ ನಿಂತು ಗುಡ್ರುನ್ ಕಟ್ಟಡದ ಬಗ್ಗೆ ಹೇಳುತ್ತಿದ್ದಳು. ಬೋಳುತಲೆಯ ಮೇಲೆ ಒಂದು ಹನಿ ಬಿತ್ತು. ಅವರು ಒರೆಸಿಕೊಂಡರು. ಇನ್ನೊಂದು ಬಿತ್ತು. ಎಲ್ಲರೂ ಮೇಲೆ ನೋಡಿದರು.

ಆ ಹಾಲಿಗೆ ಸೀಲಿಂಗ್ ಎಂದರೆ ಮೇಲಿನ ಮಹಡಿಯ ಕಟ್ಟಿಗೆಯೇ, ಏನೂ ಮುಚ್ಚಿಲ್ಲದ ಹೊಸ ಬಿಳಿ ಕಟ್ಟಿಗೆ. ಅದರ ನಡುವೆ ಒಂದು ಜಮಖಾನದಷ್ಟು ಅಗಲ ಕಪ್ಪಗೆ ನೆನೆದಿತ್ತು. ಪೈಪಿಗಾಗಿ ಕೊರೆದ ತೂತಿನ ಹತ್ತಿರ ಪ್ಲಾಸ್ಟಿಕ್ ಹಾಳೆ ಮುಗಿದು, ಅಲ್ಲಿಂದ ನೀರು ಇಳಿದಿತ್ತು. ಯೋಸೆಫ್ ಏಣಿ ಹತ್ತಿ ಅಂಗೈಯನ್ನು ಕಟ್ಟಿಗೆಗೆ ಒತ್ತಿ ಹಿಡಿದ, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ.

ವಾಡಿಯಲ್ಲಾಗಿದ್ದರೆ ಚೀಫ್ ಇಂಜಿನಿಯರು ಇಷ್ಟರಲ್ಲಿ ನನ್ನ ಏಳು ತಲೆಮಾರನ್ನು ನೆನೆಯುತ್ತಿದ್ದರು. ಬೈಸಿಕೊಂಡು ಅಭ್ಯಾಸವಿದ್ದವನಿಗೆ ಬೈಗುಳದಲ್ಲಿ ಒಂದು ಸಮಾಧಾನ ಇರುತ್ತದೆ. ಇಲ್ಲಿ ಯಾರೂ ಬೈಯಲಿಲ್ಲ. ಸಮಿತಿಯವರು ಟೋಪಿ ಹಾಕಿಕೊಂಡು ಹೊರಟರು. ನಾವು ಮೇಲೆ ಹೋದೆವು. ಮಲ್ಕಪ್ಪ ಆಗಲೇ ಓಡಿಹೋಗಿ ಟವೆಲಿನಿಂದ ನೀರು ಹೀರಿಸಿ ಬಕೆಟ್ಟಿಗೆ ಹಿಂಡುತ್ತಿದ್ದ.

“ನೀರು ಹಾಕಿದ್ದು ಯಾರು?” ಎಂದು ಗುಡ್ರುನ್ ಕೇಳಿದಳು.

ನಾನು ಆ ಕ್ಷಣದಲ್ಲಿ ಯೋಚಿಸಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಬಾಯಿ ತಾನೇ ತೆರೆದುಕೊಂಡಿತು. “ನಮ್ಮ ಕಡೆಯ ಗೌಂಡಿಗಳಿಗೆ ಇದು ರೂಢಿ, ಮೇಡಂ. ಈ ಮಲ್ಕಪ್ಪ ಹಳೆಯ ಕಾಲದವನು, ಹೇಳಿದರೆ ಕೇಳುವುದಿಲ್ಲ,” ಎಂದೆ. ಎಂದಿಗಿಂತ ಶುದ್ಧವಾದ ಇಂಗ್ಲಿಷು ಬಂತು.

ತನ್ನ ಹೆಸರು ಕೇಳಿ ಮಲ್ಕಪ್ಪ ತಲೆಯೆತ್ತಿದ. ನನ್ನನ್ನು ನೋಡಿದ. ಮತ್ತೆ ಬಗ್ಗಿ ಟವೆಲು ಹಿಂಡತೊಡಗಿದ.

ಗುಡ್ರುನ್ ತಲೆಯಾಡಿಸಿದಳು. “ಇಷ್ಟು ಒಳ್ಳೆಯ ಕೈ ಇರುವವರು ಹೀಗೆ ಮಾಡಿದರಲ್ಲ. ಸಮಿತಿಗೆ ನಾನು ಏನು ಹೇಳಲಿ? ಅವರನ್ನು ಬುಧವಾರದ ವಿಮಾನಕ್ಕೆ ಕಳಿಸಿಬಿಡೋಣ,” ಎಂದಳು. ಇದನ್ನು ಮಲ್ಕಪ್ಪನಿಗೆ ಹೇಳುವುದು ನನ್ನ ಕೆಲಸ. ನಾನು ಹೇಳಲಿಲ್ಲ. ಗೋಡೆಗೆ ಒರಗಿ ನಿಂತು, ಮೂಟೆ ಹೊರುವ ಅವನ ತಮ್ಮಂದಿರನ್ನು ನೆನೆಯಬಾರದು ಎಂದುಕೊಂಡಷ್ಟೂ ನೆನೆಯುತ್ತಿದ್ದೆ.

ಅಷ್ಟರಲ್ಲಿ ಯೋಸೆಫ್ ಒಂದು ರಾಶಿ ಅರಿವೆ ತಂದು ಮಲ್ಕಪ್ಪನ ಪಕ್ಕ ಮೊಣಕಾಲೂರಿ ತಾನೂ ಒರೆಸತೊಡಗಿದ. ಸ್ವಲ್ಪ ಹೊತ್ತಿಗೆ ತಡೆಯಲಾರದೆ ಏನೋ ಕೇಳಿದ. ಅವನು ಜರ್ಮನ್‌ನಲ್ಲಿ ಕೇಳಿದ್ದನ್ನು ಗುಡ್ರುನ್ ಇಂಗ್ಲಿಷಿಗೆ ತಂದಳು: “ಕಲ್ಲನ್ನು ಇಷ್ಟು ಬಲ್ಲವನು ನೀನು. ಕಟ್ಟಿಗೆಯ ಮೇಲೆ ನೀರು ಸುರಿಯುವಾಗ ನಿನ್ನ ಕೈ ಹಿಂಜರಿಯಲಿಲ್ಲವೇ ಎಂದು ಯೋಸೆಫ್ ಕೇಳುತ್ತಿದ್ದಾನೆ.”

ಇನ್ನು ಕನ್ನಡಕ್ಕೆ ತರುವ ಪಾಳಿ ನನ್ನದು. ಬೇರೆ ಏನಾದರೂ ಹೇಳಬಹುದಿತ್ತು. ಹಸಿವಾಗಿದೆಯೇ ಎಂದು ಕೇಳುತ್ತಿದ್ದಾನೆ ಎಂದರೂ ಆ ದೇಶದಲ್ಲಿ ನನ್ನನ್ನು ಹಿಡಿಯುವವರು ಯಾರೂ ಇರಲಿಲ್ಲ. ಆದರೆ ಯೋಸೆಫ್ ನನ್ನ ಬಾಯಿಯನ್ನೇ ನೋಡುತ್ತಿದ್ದ. ನಾನು ಇದ್ದದ್ದನ್ನು ಇದ್ದ ಹಾಗೆ ಕೇಳಿದೆ.

ಮಲ್ಕಪ್ಪ ಟವೆಲು ಕೆಳಗಿಟ್ಟ. “ಶುಕ್ರವಾರ ನಾ ನಿಮಗ ಏನ್ ಹೇಳಿದ್ದೆ ಸಾಹೇಬ್ರ, ಅದನ್ನಾ ಹೇಳ್ರಿ ಅವರಿಗೆ,” ಎಂದ.

ಇಂಗ್ಲಿಷು ಎಲ್ಲಿ ಹೋಯಿತೋ ಹೋಯಿತು. ತಡವರಿಸುತ್ತಾ ಹೇಳಿದೆ: ನೀರು ಹಾಕಿದ್ದು ನಾನು. ಇವನು ಬೇಡವೆಂದ, ನಿಮ್ಮನ್ನು ಇನ್ನೊಮ್ಮೆ ಕೇಳಿ ಬನ್ನಿ ಎಂದ, ನಾನು ಕೇಳಲಿಲ್ಲ. ಹೊತ್ತದ್ದು ನಾನು, ಇಪ್ಪತ್ತೊಂದು ಬಕೆಟ್ಟು. ಆಗಲೇ ಹೇಳಿದ್ದು ಸುಳ್ಳು. ನೀವು ಕ್ಯೂರ್ ಮಾಡಿ ಅಂದಿರಲ್ಲ, ಮೇಡಂ.

“ಕ್ಯೂರ್ ಆಗಲಿ ಅಂದೆ. ಮುಟ್ಟದೆ ಬಿಡಿ ಅಂತ ಅದರ ಅರ್ಥ. ಅಂಟಿಗೆ ನಾವು ಹಾಗೇ ಹೇಳುತ್ತೇವೆ,” ಎಂದಳು ಗುಡ್ರುನ್. “ನಿಮ್ಮಲ್ಲಿ ಏನರ್ಥ?”

ನಾನು ಬಕೆಟ್ಟು ತೋರಿಸಿದೆ. ಅವಳು ಬಕೆಟ್ಟನ್ನು ನೋಡಿದಳು, ನನ್ನ ಸೂಟನ್ನು ನೋಡಿದಳು, ಮೆಟ್ಟಿಲ ಮೇಲೆ ಕುಸಿದು ಕುಳಿತಳು. ನಕ್ಕಳೋ ಅತ್ತಳೋ ನನಗೆ ತಿಳಿಯಲಿಲ್ಲ, ಮುಖ ಮುಚ್ಚಿಕೊಂಡಿದ್ದಳು. ನಾಚಿಕೆಯಿಂದ ನನಗೆ ನೆಲಕ್ಕೆ ಇಳಿದುಹೋಗಬೇಕೆನ್ನಿಸಿತು. ಆದರೆ ನೀರು ನನಗಿಂತ ಮೊದಲೇ ಇಳಿದಿತ್ತು.

ಕೊನೆಯ ನಾಲ್ಕು ದಿನ

ಬುಧವಾರದ ವಿಮಾನದ ಮಾತು ಮತ್ತೆ ಬರಲಿಲ್ಲ. ಕಟ್ಟಿಗೆ ಒಣಗಿಸಲು ಗಾಳಿ ಮಶೀನು ತರಿಸಿದರು. ಮಲ್ಕಪ್ಪ ತಾನು ಹಾಸಿದ್ದನ್ನೆಲ್ಲ ತಾನೇ ಎತ್ತಿದ, ಒಂದು ಕಲ್ಲಿನ ಮೂಲೆಯೂ ಮುಕ್ಕಾಗಲಿಲ್ಲ. ಎತ್ತುವಾಗ ಅವನು ಒಂದು ಮಾತು ಹೇಳಿದ. ತೆಂಗಳಿಯ ಹಳೆಯ ಮನೆಗಳಲ್ಲಿ ಸಿಮೆಂಟೇ ಇಲ್ಲ, ಬರೀ ಒಣ ಮರಳಿನ ಮೇಲೆ ಫರಸಿ ಕೂರಿಸಿದ್ದಾರೆ, ಬೇಕೆಂದಾಗ ಎತ್ತಬಹುದು, ಅಜ್ಜನ ಕಾಲದಿಂದ ಅಲುಗಾಡಿಲ್ಲ. “ಮಹಡಿ ಬ್ಯಾಡ್ರಿ, ತೆಳಗಿನ ನೆಲಕ್ಕ ಹಾಸೋಣು. ಒಂದ್ ಹನಿ ನೀರ ಹತ್ತೂದಿಲ್ಲ,” ಎಂದ. ನಾನು ಇದನ್ನು ಪದಕ್ಕೆ ಪದ ಹೇಳಿದೆ. ಹೇಳಿ ಮುಗಿಸಿ, ನಾನು ಹೇಳಿದ್ದನ್ನು ತಿರುಗಿ ನನಗೆ ಹೇಳಿ ಎಂದು ಗುಡ್ರುನ್‌ಳನ್ನು ಕೇಳಿದೆ. ಅವಳು ಶಾಲೆಯ ಮಗುವಿನ ಹಾಗೆ ಒಪ್ಪಿಸಿದಳು.

ಕೆಳಗಿನ ಹಾಲಿನ ಮೂಲೆಯಲ್ಲಿ ಮರಳು ಹರಡಿ ಅವೇ ಕಲ್ಲುಗಳನ್ನು ಅವನು ಎರಡೇ ದಿನದಲ್ಲಿ ಕೂರಿಸಿದ. ಮರಳು ಜರಡಿ ಹಿಡಿದದ್ದು ನಾನು. ಬೇರೆ ಯಾವ ಕೆಲಸವನ್ನೂ ಯಾರೂ ನನಗೆ ಕೊಡಲಿಲ್ಲ. ಸಮಿತಿಯವರು ಮತ್ತೆ ಬಂದರು. ಬೋಳುತಲೆಯವರು ಮೊದಲು ಮೇಲೆ ನೋಡಿ, ಆಮೇಲೆ ಕೆಳಗೆ ನೋಡಿದರು. ಬೂಟು ಬಿಚ್ಚಿ ಆ ಕಲ್ಲಿನ ಮೇಲೆ ಕಾಲಿಟ್ಟು ಹಾಗೇ ನಿಂತರು. ಮಹಡಿಗೆ ಕಲ್ಲು ಬೇಡ, ಕೆಳಗಿನ ಇಡೀ ನೆಲಕ್ಕೆ ಬೇಕು ಎಂದರು. ಚಳಿ ಮುಗಿದ ಮೇಲೆ ಮಲ್ಕಪ್ಪನೂ ಅವನ ತಮ್ಮಂದಿರೂ ಬರಬೇಕು. ನಾನು ಈ ಮಾತನ್ನು ಹೇಳುವಾಗ ಮಲ್ಕಪ್ಪನ ಕಣ್ಣು ತುಂಬಿ ಬಂತು, ಅವನು ಮರಳು ಬಿತ್ತೆಂದು ಒರೆಸಿಕೊಂಡ.

ವಾಪಸು

ವಿಮಾನದಲ್ಲಿ ಊಟದ ತಟ್ಟೆ ತೆಗೆದುಕೊಂಡು ಹೋದ ಮೇಲೆ ಮಲ್ಕಪ್ಪ ನನ್ನ ಕಡೆ ತಿರುಗಿದ.

“ಸಾಹೇಬ್ರ, ಸೋಮವಾರ ನೀವು ಅಕ್ಕಾರಿಗೆ ಎರಡ್ ಸರ್ತಿ ಹೇಳಿದ್ರಿ. ಪೈಲಾ ಸರ್ತಿ ಹೇಳೂ ಮುಂದ ನನ್ನ ಹೆಸರ ಬಂತು. ಎರಡನೇ ಸರ್ತಿ ಬರಲಿಲ್ಲ. ಪೈಲಾ ಏನ್ ಹೇಳಿದ್ರಿ?”

ನಾಲ್ಕೈದು ದಿನದಿಂದ ಅವನು ಇದನ್ನು ಇಟ್ಟುಕೊಂಡು ತಿರುಗಿದ್ದ. ಯೋಸೆಫ್ ಜೊತೆ ನಗುವಾಗ, ಮರಳು ಹರಡುವಾಗ, ನಾನು ಊರಿಂದ ತಂದಿದ್ದ ಶೇಂಗಾ ಚಟ್ನಿಹಿಂಡಿಯನ್ನು ನನ್ನ ಕೈಯಿಂದಲೇ ತೆಗೆದುಕೊಳ್ಳುವಾಗ, ಇಟ್ಟುಕೊಂಡೇ ಇದ್ದ. ನಿನ್ನ ಕೆಲಸ ಹೊಗಳಿದೆ ಎನ್ನಲು ನಾಲಿಗೆ ತಯಾರಾಗಿತ್ತು.

“ನೀರ ನೀನಾ ಹಾಕಿದಿ ಅಂತ ಹೇಳಿದ್ದೆ,” ಎಂದೆ. “ಅಂಜಿದ್ದೆ, ಮಲ್ಕಪ್ಪ. ತಪ್ಪಾಯ್ತು.”

ಅವನು ಹೌದೆಂಬಂತೆ ತಲೆಯಾಡಿಸಿದ. “ಗೊತ್ತಿತ್ರೀ. ನಿಮ್ಮ ಬಾಯಿಲಿಂದ ಕೇಳಬೇಕಿತ್ತು.” ಯಾವ ಸಿಟ್ಟೂ ಇಲ್ಲದೆ ಹೇಳಿದ, “ಮುಂದಿನ ಸರ್ತಿ ನಾವು ಅಣ್ಣ ತಮ್ಮರಾ ಬರ್ತೀವ್ರಿ. ನೀವು ಬ್ಯಾಡ್ರಿ.”

ಆಗಲಿ ಎಂದೆ. ಆ ಇಡೀ ಪ್ರವಾಸದಲ್ಲಿ ನಾನು ತಪ್ಪಿಲ್ಲದೆ ತಿಳಿದುಕೊಂಡ ಮಾತು ಅದೊಂದೇ.